ಕಾರವಾರದಲ್ಲಿ ಮೂರು ದಿನ ಇರಬಹುದಾ, ಇಲ್ಲ ಅದು ಗೋವಾಕ್ಕೆ ಹೋಗುವಾಗ ಚಹಾ ಕುಡಿಯುವ ಊರಷ್ಟೇನಾ?

ತುಮಕೂರು_ತಿರುಗಾಟ
ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಸಮುದ್ರ ನೋಡಲು ಹೊರಟಿದ್ದೇವೆ. ಅಪ್ಪ, ಅಮ್ಮ, ನಾವಿಬ್ಬರು, ಎಂಟು ವರ್ಷದ ಮಗಳು. ಅಪ್ಪನಿಗೆ ಮಂಡಿನೋವು, ಜಾಸ್ತಿ ಹತ್ತಿ ಇಳಿಯಲು ಆಗುವುದಿಲ್ಲ.

ನಾನು ನಾಲ್ಕು ಸಲ ಗೋವಾಕ್ಕೆ ಹೋಗಿದ್ದೇನೆ. ನಾಲ್ಕೂ ಸಲ ಕಾರವಾರದ ಮೇಲೇ ಹೋದದ್ದು, ಒಮ್ಮೆಯೂ ಇಳಿದಿಲ್ಲ. ನೆನಪಿರುವುದು ಇಷ್ಟೇ: ಎಡಗಡೆ ಸಮುದ್ರ, ಬಲಗಡೆ ಗುಡ್ಡ, ಒಂದು ಉದ್ದ ಸೇತುವೆ, ಆಮೇಲೆ ಗಡಿ. ಈ ಸಲ ಅಲ್ಲೇ ಉಳಿಯೋಣ ಅಂತ ಹೆಂಡತಿ ಹೇಳುತ್ತಿದ್ದಾಳೆ. ಆಫೀಸಿನವರು ಮಾತ್ರ "ಅದು ಬಂದರಿನ ಊರು ಕಣೋ, ಪೂರ್ತಿ ನೇವಿಯವರು ಬೇಲಿ ಹಾಕಿದ್ದಾರೆ" ಅಂತ ಹೆದರಿಸುತ್ತಿದ್ದಾರೆ. ಬಂದರೂ ಇದ್ದು ಬೀಚೂ ಚೆನ್ನಾಗಿರುತ್ತದಾ? ಗೊತ್ತಿರುವವರು ಹೇಳಿ.

ಹುಬ್ಬಳ್ಳಿ_ಗಿರ್ಮಿಟ್
ಧಾರಾಳ ಹೋಗ್ರಿ. ನಮ್ಮ ಕಡೆಯವರಿಗೆ ಸಮುದ್ರ ಅಂದರೇನೇ ಕಾರವಾರ. ಯಲ್ಲಾಪುರ, ಅರಬೈಲು ಘಾಟಿ, ಅಂಕೋಲಾ. ಬೆಳಿಗ್ಗೆ ಬಿಟ್ಟರೆ ಊಟದ ಹೊತ್ತಿಗೆ ಅಲ್ಲಿ.

ಮಂಗ್ಳೂರು_ಮಳೆ
ಚಹಾ ಕುಡಿಯುವ ಊರೇ. ಚಹಾ ಮಾತ್ರ ಚೆನ್ನಾಗಿರುತ್ತದೆ 😄

ಬೈತಕೋಲ_ಬೋಟು
@ಮಂಗ್ಳೂರು_ಮಳೆ ನಿಮ್ಮ ಕಡೆ ಬಂದರು ಮಾಡಲು ಪಣಂಬೂರಿನಲ್ಲಿ ನೆಲ ಅಗೆದು ಹಡಗು ಒಳಗೆ ತರಬೇಕಾಯಿತು. ನಮ್ಮದು ದೇವರು ಮಾಡಿದ್ದು ಮಾರಾಯ. ಚಂಡಮಾರುತ ಬಂತು ಅಂದರೆ ಮಲ್ಪೆ ಬೋಟು, ಗೋವಾ ಬೋಟು, ಕೇರಳದ ಬೋಟು ಎಲ್ಲವೂ ಓಡಿ ಬರುವುದು ಕಾರವಾರದ ಬೈತಕೋಲ ಬಂದರಿಗೇ. ಆ ದಿನ ನೀವು ಬಂದು ನೋಡಬೇಕು. ಬೋಟಿಗೆ ಬೋಟು ತಾಗಿ ನಿಂತಿರುತ್ತವೆ, ಒಂದರ ಮೇಲಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಗಬಹುದು. ತಮಿಳು, ಮಲಯಾಳ, ಕೊಂಕಣಿ, ತುಳು ಎಲ್ಲದರಲ್ಲೂ ಬೈಗುಳ ಕೇಳಬಹುದು.

ಮಂಗ್ಳೂರು_ಮಳೆ
ಬೈಗುಳ ಕೇಳಲು ಅಷ್ಟು ದೂರ ಯಾಕೆ, ಇಲ್ಲೇ ಸಿಗುತ್ತದೆ.

ಕಡವಾಡ_ಮಾಸ್ತರ
ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ಪ್ರಶ್ನೆ ಕೇಳಿದವರು ತಿಳಿಯದೇ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಬಂದರೂ ಇದ್ದು ಬೀಚೂ ಇರುತ್ತದಾ ಅಂತ. ಕಾರವಾರದಲ್ಲಿ ಎರಡಕ್ಕೂ ಕಾರಣ ಒಂದೇ ಗುಡ್ಡ.

ನಕಾಶೆ ತೆಗೆದು ನೋಡಿ. ದಕ್ಷಿಣದಲ್ಲಿ ಘಟ್ಟ ಸಮುದ್ರದಿಂದ ದೂರ ನಿಂತಿದೆ. ಕಾರವಾರದ ಹತ್ತಿರ ಗುಡ್ಡ ನೇರ ನೀರಿಗೇ ಬಂದು ಇಳಿಯುತ್ತದೆ. ಹಾಗೆ ಇಳಿದ ಒಂದೊಂದು ಗುಡ್ಡವೂ ಮೂಗಿನ ಹಾಗೆ ಮುಂದೆ ಚಾಚಿದೆ. ಎರಡು ಮೂಗಿನ ನಡುವೆ ಒಂದು ಕೊಲ್ಲಿ. ಉತ್ತರದಿಂದ ಎಣಿಸಿದರೆ ಕಾರವಾರ ಕೊಲ್ಲಿ, ಬಿಣಗಾ ಕೊಲ್ಲಿ, ಅರ್ಗಾ ಕೊಲ್ಲಿ. ಮಳೆಗಾಲದ ಗಾಳಿ ಬರುವುದು ನೈಋತ್ಯದಿಂದ. ಕಾರವಾರ ಕೊಲ್ಲಿಯ ದಕ್ಷಿಣದ ಗುಡ್ಡ ಆ ಗಾಳಿಯನ್ನು ತನ್ನ ಬೆನ್ನ ಮೇಲೆ ತೆಗೆದುಕೊಳ್ಳುತ್ತದೆ. ಅದರ ಮಗ್ಗುಲಿಗೆ ಮಲಗಿರುವುದೇ ಬೈತಕೋಲ ಬಂದರು. ಜುಲೈಯಲ್ಲಿ ಗುಡ್ಡದ ಆಚೆ ಮನೆಯಷ್ಟು ಎತ್ತರದ ಅಲೆ, ಈಚೆ ಕೆರೆಯ ಹಾಗೆ ನೀರು. ಪಶ್ಚಿಮಕ್ಕೆ ದೇವಗಡ, ಕೂರ್ಮಗಡ ದ್ವೀಪಗಳು. ಉತ್ತರಕ್ಕೆ ಕಾಳಿ ನದಿ. ಡಿಗ್ಗಿಯಲ್ಲಿ ಹುಟ್ಟಿ 184 ಕಿ.ಮೀ. ಹರಿದು ಕೋಡಿಬಾಗದ ಹತ್ತಿರ ಸಮುದ್ರ ಸೇರುತ್ತದೆ.

ಈ ಜಾಗದ ಮೇಲೆ ಹೊರಗಿನವರ ಕಣ್ಣು ಬಿದ್ದದ್ದು ಇಂದು ನಿನ್ನೆ ಅಲ್ಲ. 1638ರಲ್ಲೇ ಇಂಗ್ಲಿಷರು ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಹಾಕಿದರು. ಮೆಣಸು, ನಯವಾದ ಬಟ್ಟೆ ಒಯ್ಯುತ್ತಿದ್ದರು. ಆಗಿನ ವ್ಯಾಪಾರ ನಮ್ಮ ಕಡವಾಡದ ಕಡೆ, ನದಿಯ ಒಳಗೆ. ಈಗಿನ ಪೇಟೆ ಬಂದದ್ದು 1862ರ ಮೇಲೆ. ಆ ವರ್ಷ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಅಮೆರಿಕದಲ್ಲಿ ಆಗ ಅಂತರ್ಯುದ್ಧ. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲ. ಧಾರವಾಡದ ಹತ್ತಿ ಹಡಗು ಹತ್ತಲು ಒಂದು ಬಂದರು ಬೇಕಿತ್ತು. ಘಟ್ಟದ ರಸ್ತೆ, ಕಚೇರಿ, ಬಂಗಲೆ, ಎಲ್ಲವೂ ಆ ಲೆಕ್ಕದಲ್ಲೇ. ಆಮೇಲೆ ರೈಲು ಮರ್ಮಗೋವಾಕ್ಕೆ ಹೋಯಿತು. ಹತ್ತಿಯೂ ಅದರ ಹಿಂದೆ ಹೋಯಿತು.

ಬಂದರು ದೊಡ್ಡದಾಗಲಿಲ್ಲ, ಅದಕ್ಕೇ ಬೀಚ್ ಉಳಿಯಿತು. ಇದು ನನ್ನ ಲೆಕ್ಕ. ಯಾರಾದರೂ ತಪ್ಪು ಅಂದರೆ ಕೇಳುತ್ತೇನೆ.

ಹುಬ್ಬಳ್ಳಿ_ಗಿರ್ಮಿಟ್
ಮಾಸ್ತರೇ, ಆ ರೈಲು ನಮಗೆ ಇನ್ನೂ ಬಂದಿಲ್ಲ ನೋಡ್ರಿ. ಹುಬ್ಬಳ್ಳಿ-ಅಂಕೋಲಾ ರೈಲಿನ ಕಥೆ ಕೇಳಿ ಕೇಳಿ ನಮ್ಮಪ್ಪ ರಿಟೈರ್ ಆದರು. ಈಗ ನಾನು ಕೇಳುತ್ತಿದ್ದೇನೆ.

ಕಾಡು_ಉಳಿಯಲಿ
ಬರದಿದ್ದರೇ ಒಳ್ಳೆಯದು. ಆ ಕಾಡು ಕಡಿದು ರೈಲು ಬೇಕಾ?

ಹುಬ್ಬಳ್ಳಿ_ಗಿರ್ಮಿಟ್
ಅದೇ ಕಾಡಿನಲ್ಲಿ ದಿನಾ ಸಾವಿರಾರು ಲಾರಿ ಹೋಗುವುದು ನಡೆಯುತ್ತದೆ, ರೈಲು ಬೇಡ. ಬೆಂಗಳೂರಲ್ಲಿ ಕೂತು ಹೇಳುವುದು ಸುಲಭ.

ಕಾಡು_ಉಳಿಯಲಿ
ನಾನು ಬೆಂಗಳೂರಲ್ಲಿ ಇಲ್ಲ, ಜೋಯಿಡಾದಲ್ಲಿದ್ದೇನೆ.

ನಿರ್ವಾಹಕ
ರೈಲಿಗೆ ಬೇರೆ ಎಳೆ ಇದೆ. ಇಲ್ಲಿ ಕಾರವಾರ.

ರೈಲುಗಾಡಿ
ರೈಲು ಅಂದಿರಿ ಅಂತ ಬಂದೆ 🙂 ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿಯಿರಿ. ಸಂಜೆ ಹತ್ತಿದರೆ ಬೆಳಿಗ್ಗೆ ಕಾರವಾರ. ತುಮಕೂರಿನವರು ಯಶವಂತಪುರದಲ್ಲಿ ಹತ್ತಿದರೆ ಸುಲಭ. ಅಪ್ಪನ ಮಂಡಿಗೆ ಕಾರಿಗಿಂತ ಇದೇ ವಾಸಿ, ಕೆಳಗಿನ ಬರ್ತ್ ಮೊದಲೇ ನೋಡಿಕೊಳ್ಳಿ. ಕುಮಟಾ ದಾಟುವಾಗ ಎದ್ದಿರಿ. ನದಿಯ ಮೇಲೆ ಸೇತುವೆ, ಮತ್ತೆ ಸುರಂಗ, ಮತ್ತೆ ಸೇತುವೆ. ಮಗಳಿಗೆ ಕಿಟಕಿ ಕೊಡಿ. ಒಂದೇ ತೊಂದರೆ, ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯಿಂದ ಆಚೆ. ಆಟೋದವರ ಹತ್ತಿರ ಮೊದಲೇ ಮಾತಾಡಿ ಹತ್ತಿ.

ತೋಡೂರು_ಕಾಲನಿ
ಮಾಸ್ತರು ಎಣಿಸಿದ ಮೂರು ಕೊಲ್ಲಿಯಲ್ಲಿ ಮೂರನೆಯದು ನಮ್ಮದು. ಅರ್ಗಾ. ಈಗ ನೀವು ಅಲ್ಲಿ ಹೋಗುವ ಹಾಗಿಲ್ಲ. ನಾವೂ ಹೋಗುವ ಹಾಗಿಲ್ಲ.

1986ರಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ಅನ್ನುವ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಅನ್ನುವ ಹೆಸರಲ್ಲಿ ಶುರುವಾಯಿತು. ನಡುವೆ ನಮ್ಮ ಊರುಗಳು ಖಾಲಿಯಾದವು. ನಾನು ಆಗ ಶಾಲೆಗೆ ಹೋಗುತ್ತಿದ್ದೆ. ಆಯಿ ಕೊನೆಯ ದಿನ ತುಳಸಿ ಕಟ್ಟೆಯ ಮಣ್ಣನ್ನು ಎಣ್ಣೆ ಡಬ್ಬಿಯಲ್ಲಿ ತುಂಬಿಕೊಂಡಳು. ಆ ಡಬ್ಬಿ ಇನ್ನೂ ಇದೆ, ತುಕ್ಕು ಹಿಡಿದಿದೆ. ಬಾಪ್ಪ ಮೀನುಗಾರ. ಅವನಿಗೆ ಕೊಟ್ಟ ಹೊಸ ಮನೆಯಿಂದ ಸಮುದ್ರ ಕಾಣುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಎತ್ತ ನೋಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ ಅವನಿಗೆ. ಪರಿಹಾರಕ್ಕೆ ಎಷ್ಟು ವರ್ಷ ಕೋರ್ಟಿಗೆ ಅಲೆದೆವು ಅಂತ ಬರೆಯುತ್ತಾ ಕೂತರೆ ಈ ಎಳೆ ಸಾಲುವುದಿಲ್ಲ.

ದೇಶಕ್ಕೆ ಬೇಕಿತ್ತು, ಗೊತ್ತು. ವಿಮಾನ ಹೊರುವ ಯುದ್ಧನೌಕೆ ವಿಕ್ರಮಾದಿತ್ಯ ನಿಲ್ಲುವ ಜಾಗ ಅದು. ಆದರೆ "ಬೇಲಿ ಹಾಕಿದ್ದಾರೆ" ಅಂತ ನಗುವವರಿಗೆ ಒಂದು ಮಾತು, ಬೇಲಿಯ ಒಳಗೆ ನಮ್ಮ ಬಾವಿ ಇದೆ.

ಬೈತಕೋಲ_ಬೋಟು
ನಿಜ ಅಕ್ಕ/ಅಣ್ಣ. ಅದಕ್ಕೇ 2020ರಲ್ಲಿ ನಾವು ಬೀದಿಗೆ ಇಳಿದದ್ದು. ಕೇಂದ್ರದ ಸಾಗರಮಾಲಾ ಬಂದರು ಯೋಜನೆಯಲ್ಲಿ ಬಂದರು ದೊಡ್ಡದು ಮಾಡುತ್ತೇವೆ, ಟ್ಯಾಗೋರ್ ಬೀಚಿನ ಕಡೆ ಕಲ್ಲಿನ ಗೋಡೆ ಹಾಕುತ್ತೇವೆ ಅಂದರು. ಅರ್ಗಾ ಹೋಯಿತು, ಬಿಣಗಾದಲ್ಲೂ ಜಾಗ ಹೋಯಿತು. ಪೇಟೆಯ ಮುಂದೆ ಉಳಿದದ್ದು ಇದೊಂದೇ. ಊರಿಗೆ ಊರೇ ಬಂದ್ ಆಯಿತು. ಹೈಕೋರ್ಟ್ ತಡೆ ಕೊಟ್ಟಿತು.

ಲಾರಿ_ಲೆಕ್ಕ
ಬಂದರು ಬೆಳೆದರೆ ಕೆಲಸ ಸಿಗುತ್ತಿತ್ತು. ಈಗ ಏನು ಬರುತ್ತದೆ? ಡಾಂಬರಿನ ಹಡಗು ಆಗೊಮ್ಮೆ ಈಗೊಮ್ಮೆ. 2010ರಲ್ಲಿ ಅದಿರು ಸಾಗಣೆ ನಿಂತ ಮೇಲೆ ನಮ್ಮ ಲಾರಿಗಳು ಗ್ಯಾರೇಜಿನಲ್ಲಿ ಕೊಳೆತವು. ನಮ್ಮ ಹುಡುಗರು ಕೆಲಸಕ್ಕೆ ದಿನಾ ಗಡಿ ದಾಟಿ ಗೋವಾಕ್ಕೆ ಹೋಗುತ್ತಾರೆ. ಬೀಚ್ ನೋಡಿ ಹೊಟ್ಟೆ ತುಂಬುತ್ತದಾ?

ಬೈತಕೋಲ_ಬೋಟು
ನಮಗೆ ತುಂಬುತ್ತದೆ. ರಂಪಣಿ ಬಲೆಯನ್ನು ದಡಕ್ಕೆ ಎಳೆಯುವುದು ಅದೇ ಮರಳ ಮೇಲೆ. ಅದಿರಿನ ಕಾಲದಲ್ಲಿ ರಸ್ತೆಯ ಪಕ್ಕದ ಮನೆಯವರು ಕೆಂಪು ಧೂಳು ತಿಂದದ್ದೂ ನೆನಪಿರಲಿ.

ಲಾರಿ_ಲೆಕ್ಕ
ಧೂಳು ನಾನೂ ತಿಂದಿದ್ದೇನೆ, ಜೊತೆಗೆ ಅನ್ನವನ್ನೂ.

ಕಡವಾಡ_ಮಾಸ್ತರ
ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನನ್ನ ಒಬ್ಬ ಶಿಷ್ಯ ಬಂದರಿನಲ್ಲಿ ಇದ್ದಾನೆ, ಇನ್ನೊಬ್ಬ ಬಲೆ ಎಳೆಯುತ್ತಾನೆ. ಮದುವೆ ಮನೆಯಲ್ಲಿ ಅವರಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದಿಲ್ಲ.

ಓದುಗ_ಒಬ್ಬ
ಟ್ಯಾಗೋರ್ ಬೀಚ್ ಅನ್ನುತ್ತೀರಲ್ಲ, ಟ್ಯಾಗೋರ್ ನಿಜವಾಗಿ ಬಂದಿದ್ದರಾ ಅಥವಾ ಸುಮ್ನೆ ಹೆಸರಿಟ್ಟಿದ್ದಾ?

ಗಾಳಿಮರ
ನಿಜವಾಗಿ ಬಂದಿದ್ದರು. 1883ರಲ್ಲಿ. ಆಗ ಅವರಿಗೆ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಐಸಿಎಸ್ ಪಾಸಾದ ಮೊದಲ ಭಾರತೀಯ ಅವರೇ. ತಮ್ಮ ಇಲ್ಲಿ ಕೂತು ಒಂದು ನಾಟಕ ಬರೆದರು. ಕಾಳಿ ನದಿಯಲ್ಲಿ ದೋಣಿಯಲ್ಲಿ ಮೇಲೆ ಹೋಗಿ, ಬೆಳದಿಂಗಳಲ್ಲಿ ವಾಪಸ್ ಬಂದು, ಅಳಿವೆಯ ಹತ್ತಿರ ಇಳಿದು ಮರಳ ಮೇಲೆ ನಡೆದುಕೊಂಡೇ ಮನೆಗೆ ಹೋದದ್ದನ್ನು ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆ ನಡಿಗೆಯನ್ನು ನಾನೂ ಮಾಡಿದ್ದೇನೆ, ಕೋಡಿಬಾಗದಿಂದ. ಹುಣ್ಣಿಮೆ ನೋಡಿಕೊಂಡು ಹೋಗಿ. ಅವರ ಕಾಲದಲ್ಲಿ ಕಿವಿಗೆ ಗಾಳಿಮರದ ಸದ್ದು ಬೀಳುತ್ತಿತ್ತು. ಈಗ ಹೆದ್ದಾರಿಯ ಹಾರ್ನ್ ಸ್ವಲ್ಪ ಕೇಳುತ್ತದೆ.

ಪೇಟೆ_ಪುಟ್ಟಿ
ಸ್ವಲ್ಪವಾ? ಫ್ಲೈಓವರ್ ಬಂದ ಮೇಲೆ ಪೇಟೆಗೂ ಸಮುದ್ರಕ್ಕೂ ನಡುವೆ ಕಾಂಕ್ರೀಟ್ ನಿಂತಿದೆ. ಮೊದಲು ಅಂಗಡಿ ಬಾಗಿಲಿನಿಂದ ಸೂರ್ಯ ಮುಳುಗುವುದು ಕಾಣುತ್ತಿತ್ತು. ಈಗ ಕಂಬದ ಸಂದಿಯಲ್ಲಿ ಹುಡುಕಬೇಕು.

ಕಡಲೂರ_ಸೊಸೆ
ನಾನು ಚಿಕ್ಕಮಗಳೂರಿನವಳು, ಮದುವೆಯಾಗಿ ಸದಾಶಿವಗಡಕ್ಕೆ ಬಂದೆ. ಮೊದಲ ಮಳೆಗಾಲದಲ್ಲಿ ಉಪ್ಪು ಡಬ್ಬಿಯಲ್ಲೇ ನೀರಾಯಿತು, ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯಿತು, ಅತ್ತುಬಿಟ್ಟೆ. ಮಲೆನಾಡಿನ ಮಳೆ ಕಂಡವಳು ನಾನು, ಆದರೂ. ಅತ್ತೆ ಕೊಂಕಣಿಯಲ್ಲಿ ಏನೋ ಹೇಳಿ ನಕ್ಕರು. ಅರ್ಥವಾಗಲು ಎರಡು ವರ್ಷ ಬೇಕಾಯಿತು. "ಇನ್ನೂ ಆಷಾಢ ಬಂದಿಲ್ಲ" ಅಂದಿದ್ದರಂತೆ.

ಡಿಸೆಂಬರ್ ಸರಿಯಾದ ತಿಂಗಳು. ಸದಾಶಿವಗಡದ ಗುಡ್ಡಕ್ಕೆ ಸಂಜೆ ಹೋಗಿ. ಸೋದೆಯ ಅರಸರ ಕೋಟೆ ಇದ್ದ ಜಾಗ. ಹೆದ್ದಾರಿ ಮಾಡುವಾಗ ಗುಡ್ಡವನ್ನೇ ಸೀಳಿದ್ದಾರೆ. ಅಲ್ಲಿ ನಿಂತರೆ ಕೆಳಗೆ ನದಿ, ಸೇತುವೆ, ಅಳಿವೆ, ಆಚೆ ಪೇಟೆ, ಬಂದರು, ದ್ವೀಪ ಎಲ್ಲವೂ ಒಂದೇ ನೋಟಕ್ಕೆ. ನದಿಯ ನೀರು ಕಂದು, ಸಮುದ್ರದ್ದು ಹಸಿರು, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ.

ತುಮಕೂರು_ತಿರುಗಾಟ
ನನಗೆ ನೆನಪಿರುವ ಉದ್ದ ಸೇತುವೆ ಅದೇ ಅಲ್ವಾ? ಅದು ಬಿದ್ದುಹೋಯಿತು ಅಂತ ಓದಿದ ನೆನಪು.

ಕಡಲೂರ_ಸೊಸೆ
ಹಳೆಯದು ಬಿತ್ತು. 2024ರ ಆಗಸ್ಟ್ 7, ನಡುರಾತ್ರಿ ಕಳೆದ ಮೇಲೆ. 41 ವರ್ಷದ ಸೇತುವೆ. ಒಂದು ಲಾರಿ ನದಿಗೆ ಬಿತ್ತು. ಚಾಲಕ ಮುಳುಗಿದ ಕ್ಯಾಬಿನ್ ಮೇಲೆ ಹತ್ತಿ ಕೂತಿದ್ದ, ಮೀನುಗಾರರು ಮತ್ತು ಪೊಲೀಸರು ಸೇರಿ ಉಳಿಸಿದರು. ಪಕ್ಕದ ಹೊಸ ಸೇತುವೆಯ ಮೇಲೆ ಈಗ ವಾಹನ ಓಡುತ್ತದೆ. ಅದಕ್ಕೆ ಮೂರು ವಾರ ಮೊದಲು ಅಂಕೋಲಾ ಕಡೆಯ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದಿತ್ತು. ಆ ಮಳೆಗಾಲ ನಮಗೆ ಎರಡೂ ಕಡೆ ದಾರಿ ಕಟ್ಟಿದ ಹಾಗಾಗಿತ್ತು.

ಬೀಚ್_ಬ್ರೋ
ಸ್ಕೂಬಾ ಇದೆಯಾ ಅಲ್ಲಿ? ನೇತ್ರಾಣಿ ಕಾರವಾರದಲ್ಲೇ ತಾನೆ?

ಬೈತಕೋಲ_ಬೋಟು
ಅಲ್ಲ. ನೇತ್ರಾಣಿ ಮುರ್ಡೇಶ್ವರದ ಎದುರು, ಭಟ್ಕಳ ತಾಲ್ಲೂಕು. ಎಲ್ಲರೂ ಇದನ್ನೇ ತಪ್ಪು ಮಾಡುತ್ತಾರೆ. ಇಲ್ಲಿರುವುದು ದೇವಗಡ, ಕೂರ್ಮಗಡ, ಮತ್ತೆ ಅಂಜುದೀವ್. ದೇವಗಡದಲ್ಲಿ ಬ್ರಿಟಿಷರ ಕಾಲದ ದೀಪಸ್ತಂಭ. ಅಂಜುದೀವ್ ನೇವಿಯ ಒಳಗೆ ಹೋಯಿತು.

ದೋಹಾದಿಂದ_ಕೊಂಕಣಿ
ಅಂಜುದೀವ್ ಲೆಕ್ಕದಲ್ಲಿ ಗೋವಾದ್ದು, ಗೊತ್ತಾ? ಕಣ್ಣೆದುರಿಗೆ ಕಾರವಾರ, ಕಾಗದದಲ್ಲಿ ಗೋವಾ. 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರು ಇದ್ದರು. ಅದನ್ನು ಬಿಡಿಸುವಾಗ ನಮ್ಮ ನೌಕಾಪಡೆಯ 7 ಜನ ಸತ್ತರು. ದ್ವೀಪದಲ್ಲಿ ಹಳೆಯ ಇಗರ್ಜಿ ಇದೆ. ನನ್ನ ಅಜ್ಜಿ ಫೆಬ್ರವರಿಯ ಫೆಸ್ತಕ್ಕೆ ದೋಣಿಯಲ್ಲಿ ಹೋಗಿಬರುತ್ತಿದ್ದರು, ತಲೆ ಮೇಲೆ ಊಟದ ಬುಟ್ಟಿ ಇಟ್ಟುಕೊಂಡು. ಈಗ ದ್ವೀಪವನ್ನು ದಡಕ್ಕೆ ಕಲ್ಲಿನ ಒಡ್ಡಿನಿಂದ ಸೇರಿಸಿದ್ದಾರೆ. ಮೊದಲು ನಡುವೆ ನೀರಿತ್ತು, ಹೋಗಬಹುದಿತ್ತು. ಈಗ ದಾರಿ ಇದೆ, ಹೋಗುವ ಹಾಗಿಲ್ಲ.

ಬೀಚ್_ಬ್ರೋ
ಕೂರ್ಮಗಡಕ್ಕೆ ಬೋಟ್ ಸಿಗುತ್ತದಾ?

ಬೈತಕೋಲ_ಬೋಟು
ಜನವರಿಯಲ್ಲಿ ನರಸಿಂಹ ದೇವರ ಜಾತ್ರೆ ಇರುತ್ತದೆ, ಬಾಳೆಗೊನೆ ಹರಕೆ. ಊರೆಲ್ಲ ಹೋಗುತ್ತದೆ. 2019ರ ಜಾತ್ರೆಯಿಂದ ವಾಪಸ್ ಬರುವಾಗ ದೋಣಿ ಮಗುಚಿ 16 ಜನ ಹೋದರು. ಒಬ್ಬ ನನ್ನ ಜೊತೆ ಕಬಡ್ಡಿ ಆಡುತ್ತಿದ್ದವನು. ಯಾವ ಬೋಟ್ ಹತ್ತಿದರೂ ಲೈಫ್ ಜಾಕೆಟ್ ಕೊಡದಿದ್ದರೆ ಇಳಿದುಬಿಡಿ. "ಏನೂ ಆಗಲ್ಲ ಸರ್" ಅಂದರೆ ಖಂಡಿತ ಇಳಿಯಿರಿ.

ವಾಟ್ಸಾಪ್_ವಿಜ್ಞಾನಿ
ಕೈಗಾ ಅಣುಸ್ಥಾವರ ಇದೆಯಲ್ಲ, ಆ ನೀರೆಲ್ಲ ಕಾಳಿಯಲ್ಲೇ ಬರುತ್ತದೆ. ಮಕ್ಕಳನ್ನು ಸಮುದ್ರಕ್ಕೆ ಇಳಿಸಬೇಡಿ.

ಕೈಗಾ_ಕ್ವಾರ್ಟರ್ಸ್
ನಾನು ಅಲ್ಲೇ ಕೆಲಸ ಮಾಡುವುದು. ನನ್ನ ಮಕ್ಕಳು ಪ್ರತಿ ಭಾನುವಾರ ಅದೇ ಸಮುದ್ರದಲ್ಲಿ ಬೀಳುತ್ತಾರೆ. ಸ್ಥಾವರ ಇರುವುದು ಒಳಗೆ, ಕದ್ರಾ ಜಲಾಶಯದ ದಡದಲ್ಲಿ. 220 ಮೆಗಾವಾಟಿನ ನಾಲ್ಕು ಘಟಕ. ಮೊದಲನೆಯದು ನಿಲ್ಲದೆ 962 ದಿನ ಓಡಿ 2018ರ ಕೊನೆಗೆ ನಿಂತಾಗ ವಿಶ್ವದಾಖಲೆ. ಹೆದರಬೇಕಾದದ್ದು ಮಳೆಗಾಲದಲ್ಲಿ ಕದ್ರಾ ಗೇಟು ತೆಗೆದಾಗ. 2019ರಲ್ಲಿ ನದಿ ದಡದ ಮನೆಗಳಿಗೆ ನೀರು ನುಗ್ಗಿತ್ತು. ಅದರ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ವಾಟ್ಸಾಪ್_ವಿಜ್ಞಾನಿ
ಕೇಳಿದ್ದು ಹೇಳಿದೆ ಅಷ್ಟೇ.

ಪೇಟೆ_ಪುಟ್ಟಿ
ಮಗಳಿಗೆ ಚಪಲ್ ಅನ್ನುವ ಹಳೆಯ ಯುದ್ಧನೌಕೆ ತೋರಿಸಿ. ಬೀಚಿನಲ್ಲೇ ನಿಂತಿದೆ, ಒಳಗೆ ಹೋಗಬಹುದು. ಮೆಟ್ಟಿಲು ಕಡಿದು, ಅಪ್ಪ ಕೆಳಗೇ ಕೂರಲಿ. ಪಕ್ಕದಲ್ಲಿ ಈಗ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ತಿಲ್ಮಾಟಿ ಬೀಚ್‌ನ ಮರಳು ಎಳ್ಳಿನ ಹಾಗೆ ಕಪ್ಪು, ಆದರೆ ಮಾಜಾಳಿಯಿಂದ ಗುಡ್ಡ ಹತ್ತಿ ಇಳಿಯಬೇಕು, ನಿಮ್ಮ ಅಪ್ಪನಿಗೆ ಬೇಡ. ದೇವಬಾಗ ಒಳ್ಳೆಯದು, ಒಂದು ಕಡೆ ನದಿ, ಒಂದು ಕಡೆ ಸಮುದ್ರ.

ಸಿಟ್ಟಿನ_ಸೀನ
ರೆಸಾರ್ಟ್ ಎಚ್ಚರಿಕೆ. ಹೋದ ವರ್ಷ ಒಂದು ಕಡೆ "ಸೀ ವ್ಯೂ" ಅಂತ ದುಡ್ಡು ತಗೊಂಡರು. ಬಚ್ಚಲ ಕಿಟಕಿಯಲ್ಲಿ ಬಕೆಟ್ ಮೇಲೆ ಹತ್ತಿ ನಿಂತರೆ ಸಮುದ್ರ ಕಾಣುತ್ತಿತ್ತು. ಹತ್ತಿ ನೋಡಿದೆ. ದುಡ್ಡು ಕೊಟ್ಟಿದ್ದೆನಲ್ಲ.

ಮಂಗ್ಳೂರು_ಮಳೆ
😂😂 ಇದಕ್ಕೇ ನಾನು ಚಹಾ ಅಂದದ್ದು.

ಲಾರಿ_ಲೆಕ್ಕ
ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ?

ಕಡಲೂರ_ಸೊಸೆ
ಅಬ್ಬಾ, ಅದಿರು ಬಿಟ್ಟು ಬೇರೆ ಮಾತು ಬಂತು. ಇಸೋಣ ಮೀನಿನ ರವಾ ಫ್ರೈ ಎಲ್ಲ ಕಡೆ ಸಿಗುತ್ತದೆ. ಅದಕ್ಕಿಂತ ತಿರ್ಫಳ ಅನ್ನುವ ಮಸಾಲೆ ಕಾಯಿ ಹಾಕಿದ ಬಂಗಡೆ ಸಾರು ಕೇಳಿ. ಮಾರನೇ ದಿನ ಇನ್ನೂ ರುಚಿ. ತಿಸ್ರೆ, ಅಂದರೆ ಚಿಪ್ಪಿನ ಜೀವಿಯ ಸುಕ್ಕೆ (ಒಣ ಪಲ್ಯ) ಬಿಡಬೇಡಿ. ಕಾಳಿಯಲ್ಲಿ ಇಳಿತ ಆದಾಗ ಹೆಂಗಸರು ಸೊಂಟದವರೆಗೆ ನೀರಲ್ಲಿ ನಿಂತು ಕಾಲಿನಿಂದಲೇ ಕೆಸರು ತಡವಿ ಚಿಪ್ಪು ಹುಡುಕುತ್ತಾರೆ. ಕಾಲಿಗೆ ತಾಗಿತು ಅಂದರೆ ಮುಳುಗಿ ತೆಗೆದು, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಪಾತ್ರೆಗೆ ಕಟ್ಟಿದ ಹಗ್ಗ ಸೊಂಟದಲ್ಲಿರುತ್ತದೆ. ನಾನೂ ಒಮ್ಮೆ ಇಳಿದೆ. ಒಂದು ಗಂಟೆಯಲ್ಲಿ ಒಂಬತ್ತು ಸಿಕ್ಕವು. ಪಕ್ಕದವರ ಪಾತ್ರೆ ತುಂಬಿತ್ತು.

ದೋಹಾದಿಂದ_ಕೊಂಕಣಿ
ರಾತ್ರಿ ಹನ್ನೊಂದಕ್ಕೆ ಇದನ್ನು ಓದಿಸಬೇಡಿ ಅಕ್ಕ. ಇಲ್ಲಿ ಫ್ರಿಜ್‌ನಲ್ಲಿ ಕುಬೂಸ್ ಬಿಟ್ಟರೆ ಏನೂ ಇಲ್ಲ.

ಬೈತಕೋಲ_ಬೋಟು
ತುಮಕೂರಿನವರೇ, ಬೆಳಿಗ್ಗೆ ಬೇಗ ಎದ್ದು ಟ್ಯಾಗೋರ್ ಬೀಚಿಗೆ ಬನ್ನಿ. ಜೂನ್, ಜುಲೈ 61 ದಿನ ಯಾಂತ್ರಿಕ ಬೋಟಿಗೆ ನಿಷೇಧ, ಡಿಸೆಂಬರ್‌ನಲ್ಲಿ ಎಲ್ಲವೂ ನಡೆಯುತ್ತಿರುತ್ತದೆ. ಹಗ್ಗದ ಒಂದು ತುದಿ ದಡದಲ್ಲಿ ಬಿಟ್ಟು ದೋಣಿ ಸುತ್ತು ಹಾಕಿ ಬಲೆ ಇಳಿಸಿ, ಇನ್ನೊಂದು ತುದಿ ತರುತ್ತದೆ. ಆಮೇಲೆ ಎರಡೂ ಕಡೆ ಜನ ನಿಂತು ಎಳೆಯುವುದು. ಯಾರು ಬೇಕಾದರೂ ಕೈ ಹಾಕಬಹುದು. ಮಗಳನ್ನೂ ನಿಲ್ಲಿಸಿ. ನಮ್ಮ ಬಲೆಗೆ ಕೈ ಹಾಕಿದವರನ್ನು ನಾವು ಬರಿಗೈಯಲ್ಲಿ ಕಳಿಸುವುದಿಲ್ಲ, ನಾಲ್ಕು ಬಂಗಡೆಯಾದರೂ ಕೊಡುತ್ತೇವೆ.

ತುಮಕೂರು_ತಿರುಗಾಟ
ಎಲ್ಲರಿಗೂ ಥ್ಯಾಂಕ್ಸ್. ಪಂಚಗಂಗಾಕ್ಕೆ ಟಿಕೆಟ್ ಆಯಿತು, ಅಪ್ಪನಿಗೆ ಕೆಳಗಿನ ಬರ್ತ್ ಸಿಕ್ಕಿತು. ಮೂರು ರಾತ್ರಿ. ಕಿಟಕಿಯ ಫೋಟೊ ಕಳಿಸಿ ಅಂತ ರೂಮಿನವರಿಗೆ ಕೇಳಿದ್ದೇನೆ, ಬಚ್ಚಲದ್ದಲ್ಲ.

ಒಂದು ಹೇಳಲು ಮರೆತೆ. ನಾವು ಸಸ್ಯಾಹಾರಿಗಳು.

ಲಾರಿ_ಲೆಕ್ಕ
ಇಷ್ಟೆಲ್ಲ ಬರೆಸಿ ಈಗ ಹೇಳುವುದಾ ಮಾರಾಯ್ರೇ!

ಕಡಲೂರ_ಸೊಸೆ
ಪರವಾಗಿಲ್ಲ, ನಾನೂ ಹಾಗೇ ಬಂದವಳು. ಹೆಸರುಕಾಳಿನ ಮೂಗಾ ಗಾಟಿ, ಮುರುಗಲ ಹುಳಿಯ ಸೋಲ್ಕಡಿ, ನೀರುಹಲಸು ಸಿಕ್ಕರೆ ಫೋಡಿ, ಅಂದರೆ ಹುರಿದ ಹೋಳು. ಉಪವಾಸ ಬೀಳುವುದಿಲ್ಲ.

ಬೈತಕೋಲ_ಬೋಟು
ಹಗ್ಗ ಎಳೆಯಲು ಬನ್ನಿ. ನಿಮ್ಮ ಪಾಲು ನಾನು ತಿನ್ನುತ್ತೇನೆ.